ಒಣಮರ ಎಂದರೆ ಸಾವೇ? ನಿಸರ್ಗಚಿತ್ರದ ಮರವನ್ನು ಓದುವ, ಬಿಡಿಸುವ ಬಗೆ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ನಿಸರ್ಗಚಿತ್ರದಲ್ಲಿ ಓಕ್ ಎಂದರೆ ಶಕ್ತಿ, ಸೈಪ್ರೆಸ್ ಎಂದರೆ ಶೋಕ, ಒಣಮರ ಎಂದರೆ ಸಾವು ಎಂಬ ಪಟ್ಟಿಯನ್ನು ಎಷ್ಟೋ ಕಡೆ ಓದಿದ್ದೇನೆ. ಆದರೆ ಆ ಪಟ್ಟಿ ಹಿಡಿದು ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ಚಿತ್ರಗಳನ್ನು ನೋಡಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮರದ ಸಂಕೇತವನ್ನು ಓದುವುದು ಹೇಗೆ? ಇನ್ನೊಂದು ವಿಷಯ. ನಮ್ಮೂರ ಕೆರೆ ಏರಿಯ ಮೇಲೆ ಅರ್ಧ ಒಣಗಿದ ಅರಳಿಮರವಿದೆ. ಅದನ್ನು ಜಲವರ್ಣದಲ್ಲಿ ಮೂರು ಸಲ ಬಿಡಿಸಿದೆ. ನೋಡಿದವರು ‘ಕ್ಯಾಲೆಂಡರ್ ಚಿತ್ರದ ಹಾಗಿದೆ’ ಅನ್ನುತ್ತಾರೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನಿಮ್ಮ ಎರಡು ಪ್ರಶ್ನೆಗಳಿಗೂ ಮೂಲ ಒಂದೇ. ಮರದ ಜಾತಿಗೆ ಅರ್ಥ ಅಂಟಿಕೊಂಡಿದೆ ಎಂದು ಆ ಪಟ್ಟಿ ಹೇಳುತ್ತದೆ. ಚಿತ್ರದಲ್ಲಿ ಹಾಗಾಗುವುದಿಲ್ಲ. ಆ ಮರ ಯಾವ ಸ್ಥಿತಿಯಲ್ಲಿದೆ, ಹಾಳೆಯ ಯಾವ ಜಾಗದಲ್ಲಿ ನಿಂತಿದೆ, ಪಕ್ಕದಲ್ಲಿ ಏನಿದೆ, ಈ ಮೂರರಿಂದ ಅರ್ಥ ಹುಟ್ಟುತ್ತದೆ. ಜಾತಿ ಆಮೇಲಿನ ಮಾತು. ಅದಕ್ಕೂ ಮುಂಚೆ ಅದು ನಿಜವಾದ ಮರದಂತೆ ಬೆಳೆದಿರಬೇಕು. ಮರವಾಗದ ಮರ ಸಂಕೇತವೂ ಆಗುವುದಿಲ್ಲ. ನಿಮ್ಮ ಅರಳಿಮರ ಕ್ಯಾಲೆಂಡರ್ ಚಿತ್ರವಾಗುತ್ತಿರುವುದೂ ಬಹುಶಃ ಇದರಿಂದಲೇ.

ಫ್ರೀಡ್ರಿಕ್‌ನಿಂದಲೇ ಶುರುಮಾಡೋಣ. ಆತ 1774ರಲ್ಲಿ ಬಾಲ್ಟಿಕ್ ಕರಾವಳಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ಹುಟ್ಟಿ, ಡ್ರೆಸ್ಡೆನ್‌ನಲ್ಲಿ ಬಾಳಿ, 1840ರಲ್ಲಿ ಅಲ್ಲೇ ತೀರಿಕೊಂಡ. ಬರ್ಲಿನ್‌ನ ಆಲ್ಟೆ ನ್ಯಾಷನಲ್‌ಗ್ಯಾಲರಿಯಲ್ಲಿರುವ ‘ಒಂಟಿ ಮರ’ (1822) ಚಿತ್ರದ ಒಳ್ಳೆಯ ಪ್ರತಿಯೊಂದನ್ನು ಎದುರಿಗೆ ಇಟ್ಟುಕೊಳ್ಳಿ. ಅಳತೆ 55 × 71 ಸೆಂ.ಮೀ., ಅಂಥ ದೊಡ್ಡದೇನಲ್ಲ. ನಟ್ಟ ನಡುವೆ ಹಳೆಯ ಓಕ್. ಅದರ ತುದಿ ಸತ್ತಿದೆ. ಮುರಿದ ಬೋಳು ಕೊಂಬೆಗಳು ಆಕಾಶಕ್ಕೆ ಚಾಚಿವೆ. ಕೆಳಗಿನ ಕೊಂಬೆಗಳಲ್ಲಿ ಹಸಿರೆಲೆ. ಬೊಡ್ಡೆಗೆ ಒರಗಿ ಒಬ್ಬ ಕುರುಬ ನಿಂತಿದ್ದಾನೆ, ಸುತ್ತ ಕುರಿಗಳು. ಮುಂದೆ ಒಂದು ಹೊಂಡ, ಹಿಂದೆ ಬಯಲು, ಹಳ್ಳಿ, ಇಗರ್ಜಿಯ ಗೋಪುರ, ಅದರಾಚೆ ನೀಲಿ ಬೆಟ್ಟಸಾಲು.

ಪಟ್ಟಿಯ ಪ್ರಕಾರ ಒಣತುದಿ ಸಾವು, ಹಸಿರು ಬದುಕು, ಓಕ್ ಶಕ್ತಿ. ಮೂರನ್ನೂ ಕೂಡಿಸಿದರೆ ಏನೂ ಸಿಗುವುದಿಲ್ಲ. ಈಗ ಮರವನ್ನು ಮರವಾಗಿ ನೋಡಿ. ತೀರಾ ಹಳೆಯ ಓಕ್ ತನ್ನ ತುದಿಯನ್ನು ತಾನೇ ಬಿಟ್ಟುಕೊಡುತ್ತದೆ. ಅಷ್ಟು ಎತ್ತರಕ್ಕೆ ನೀರು ಏರಿಸಲು ಬೇರಿಗೆ ಆಗದಿದ್ದಾಗ ಮೇಲಿನ ಕೊಂಬೆಗಳು ಒಣಗುತ್ತವೆ, ಕೆಳಗೆ ಚಿಕ್ಕದೊಂದು ಹೊಸ ತಲೆ ಕಟ್ಟಿಕೊಂಡು ಮರ ಇನ್ನೂ ಬಹುಕಾಲ ಬದುಕುತ್ತದೆ. ಫ್ರೀಡ್ರಿಕ್ ಬಿಡಿಸಿರುವುದು ಈ ಸ್ಥಿತಿಯನ್ನೇ: ಸಾಯುತ್ತಿರುವ ಮರವಲ್ಲ, ತನ್ನನ್ನು ಕುಗ್ಗಿಸಿಕೊಂಡು ಉಳಿದ ಮರ. ಜಾಗವನ್ನೂ ಗಮನಿಸಿ. ಒಣತುದಿ ಬೆಟ್ಟಸಾಲನ್ನು ದಾಟಿ ಆಕಾಶದಲ್ಲಿದೆ. ಹಸಿರು ಭಾಗ ನೆಲದ ಬಣ್ಣಗಳ ನಡುವೆ, ಕುರುಬನೂ ಕುರಿಗಳೂ ಹಳ್ಳಿಯೂ ಇರುವ ಮಟ್ಟದಲ್ಲಿದೆ. ಮರದ ಬದುಕು ಜನರ ಬದುಕಿನ ಜೊತೆಗಿದೆ. ಅದರ ಹಿಂದಿನ ಕಾಲ ಮಾತ್ರ ಆಕಾಶಕ್ಕೆ ತಗುಲಿ ನಿಂತಿದೆ. ಈ ಅರ್ಥ ‘ಓಕ್’ ಎಂಬ ಪದದಲ್ಲಿ ಇಲ್ಲ, ಈ ಹಾಳೆಯಲ್ಲಿ ಇದೆ.

ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಈ ಚಿತ್ರಕ್ಕೆ ‘ಬೆಳಗಿನ ಬೆಳಕಿನಲ್ಲಿ ಹಳ್ಳಿಯ ದೃಶ್ಯ’ ಎಂಬ ಹೆಸರೂ ಇದೆ. ‘ಒಂಟಿ’ ಎಂದು ಓದಿದವರಿಗೆ ಒಂಟಿತನ ಕಾಣುತ್ತದೆ, ‘ಬೆಳಗು’ ಎಂದು ಓದಿದವರಿಗೆ ಹೊಗೆಯಾಡುವ ಹಳ್ಳಿ ಕಾಣುತ್ತದೆ. ಜೊತೆಗೆ ಇದು ಒಂಟಿ ಚಿತ್ರವೂ ಅಲ್ಲ. ಬ್ಯಾಂಕರ್ ವಾಗೆನರ್ ಎಂಬಾತನಿಗಾಗಿ ಬಿಡಿಸಿದ ಜೋಡಿಯಲ್ಲಿ ಇದು ಬೆಳಗು. ಇನ್ನೊಂದು, ಸಮುದ್ರದ ಮೇಲೆ ಚಂದ್ರ ಮೂಡುವ ಸಂಜೆ. ಫ್ರೀಡ್ರಿಕ್ ಹೀಗೆ ಜೋಡಿಯಾಗಿ ಆಗಾಗ ಬಿಡಿಸುತ್ತಿದ್ದ. ಒಂದನ್ನೇ ಕತ್ತರಿಸಿ ನೋಡಿದರೆ ಅರ್ಥ ಅರ್ಧಕ್ಕೆ ನಿಲ್ಲುತ್ತದೆ.

ಇದಕ್ಕೆ ಇನ್ನೂ ಸ್ಪಷ್ಟ ಉದಾಹರಣೆ 1811ರ ಎರಡು ಚಳಿಗಾಲದ ಚಿತ್ರಗಳು. ಎರಡೂ ಪಠ್ಯಪುಸ್ತಕದ ಹಾಳೆಗಿಂತ ಸ್ವಲ್ಪ ದೊಡ್ಡವು ಅಷ್ಟೆ. ಜರ್ಮನಿಯ ಷ್ವೆರಿನ್‌ನಲ್ಲಿರುವ ಚಿತ್ರದಲ್ಲಿ ಹಿಮದ ಬಯಲು, ಕಡಿದ ಮರಗಳ ಬುಡಗಳು, ಬೋಳು ಓಕ್‌ಗಳು, ನಡುವೆ ಊರುಗೋಲಿನ ಮೇಲೆ ಬಾಗಿದ ಪುಟ್ಟ ಮನುಷ್ಯ. ಲಂಡನ್‌ನ ನ್ಯಾಷನಲ್ ಗ್ಯಾಲರಿಯ ಚಿತ್ರದಲ್ಲೂ ಹಿಮವಿದೆ. ಆದರೆ ಊರುಗೋಲುಗಳು ಹಿಮದಲ್ಲಿ ಬಿದ್ದಿವೆ. ಅವನು ಬಂಡೆಗೆ ಒರಗಿ, ಸೂಜಿಯೆಲೆಯ ಹಸಿರು ಫರ್ ಮರಗಳ ಮುಂದಿನ ಶಿಲುಬೆಗೆ ಕೈಮುಗಿದಿದ್ದಾನೆ. ಹಿಂದೆ ಮಂಜಿನಲ್ಲಿ ಇಗರ್ಜಿಯ ಆಕೃತಿ. ಅದರ ಗೋಪುರಗಳ ಮೊನೆಯೂ ಫರ್ ಮರದ ಮೊನೆಯೂ ಒಂದೇ ಆಕಾರ. ಮುಂದೆ, ಹತ್ತಿರದಿಂದ ನೋಡಿದರೆ ಮಾತ್ರ, ಹಿಮ ಸೀಳಿಕೊಂಡು ಹುಲ್ಲಿನ ಮೊಳಕೆ ಕಾಣುತ್ತದೆ. ಇಲ್ಲಿ ಫರ್ ಮರ ಭರವಸೆ ಎಂದು ಧೈರ್ಯವಾಗಿ ಹೇಳಬಹುದು. ಮರದ ತುದಿ ಗೋಪುರದ ತುದಿಯನ್ನು ಹೋಲುವುದು ಕಣ್ಣಿಗೆ ಕಾಣುವ ಸಾಕ್ಷಿ. ಕಲಾವಿದನ ಸ್ವಂತ ಮಾತಿನ ಸಾಕ್ಷಿಯೂ ಇದೆ. ಬಂಡೆಯ ಮೇಲಿನ ಶಿಲುಬೆಯ ಸುತ್ತ ಫರ್ ಮರಗಳಿರುವ ತನ್ನ 1808ರ ಚಿತ್ರ ಟೀಕೆಗೆ ಗುರಿಯಾದಾಗ ಆತನೇ ಬರೆದು ವಿವರಿಸಿದ: ಬಂಡೆ ಅಲುಗದ ನಂಬಿಕೆ, ಸದಾ ಹಸಿರಾಗಿರುವ ಮರಗಳು ಮನುಷ್ಯರ ಭರವಸೆ.

ಆದರೆ ಇದನ್ನೇ ಸೂತ್ರ ಮಾಡಿಕೊಂಡು 1814ರ ‘ಕಾಡಿನಲ್ಲಿ ಸೈನಿಕ’ ಚಿತ್ರಕ್ಕೆ ಹೋಗಿ ನೋಡಿ. ನೆಪೋಲಿಯನ್ನನ ಸೇನೆಯ ಒಬ್ಬ ಫ್ರೆಂಚ್ ಯೋಧ, ಕುದುರೆಯಿಲ್ಲದೆ, ನಮಗೆ ಬೆನ್ನು ಹಾಕಿ, ಜರ್ಮನ್ ಫರ್ ಕಾಡಿನ ಬಾಯಿಯಲ್ಲಿ ನಿಂತಿದ್ದಾನೆ. ಮುಂದೆ ಕಡಿದ ಬುಡದ ಮೇಲೆ ಕಾಗೆಜಾತಿಯ ಕಪ್ಪು ಹಕ್ಕಿ. ಅದೇ ಕಲಾವಿದ, ಅದೇ ಮರ, ಮೂರೇ ವರ್ಷದ ಅಂತರ. ಆದರೆ ಇಲ್ಲಿ ಫರ್ ಮರಗಳು ಸಾಲುಗಟ್ಟಿದ ಸೈನ್ಯದಂತೆ ಅವನ ದಾರಿ ಮುಚ್ಚುತ್ತಿವೆ. ಅವನಿಗೆ ಅವು ಭರವಸೆಯಲ್ಲ, ಕೊನೆ. ಮರ ಬದಲಾಗಲಿಲ್ಲ. ಎತ್ತರ, ಸಾಂದ್ರತೆ, ಮನುಷ್ಯನ ಅಳತೆ ಬದಲಾದವು. ಚಳಿಗಾಲದ ಚಿತ್ರದಲ್ಲಿ ಆಕಾಶಕ್ಕೆ ಜಾಗವಿತ್ತು. ಇಲ್ಲಿ ಕಾಡು ಗೋಡೆಯಾಗಿದೆ.

ನಿಮ್ಮ ಪಟ್ಟಿ ತಾಳೆಯಾಗದಿರುವುದಕ್ಕೆ ಇದೇ ಕಾರಣ. ಜರ್ಮನ್ ವಿದ್ವಾಂಸ ಹೆಲ್ಮುಟ್ ಬೋರ್ಶ್-ಸೂಪನ್ ಫ್ರೀಡ್ರಿಕ್‌ನ ಚಿತ್ರಗಳಿಗೆ ಒಂದು ಕ್ರಮಬದ್ಧ ಕೋಶವನ್ನೇ ಕಟ್ಟಿದರು: ಓಕ್ ಎಂದರೆ ಕ್ರೈಸ್ತಪೂರ್ವ ಕಾಲದ ಜೀವನದೃಷ್ಟಿ, ಫರ್ ಎಂದರೆ ಕ್ರೈಸ್ತ ಭರವಸೆ, ಹೀಗೆ. ಎಷ್ಟೋ ಚಿತ್ರಗಳಲ್ಲಿ ಅದು ಕೆಲಸಕ್ಕೆ ಬರುತ್ತದೆ. ಬರ್ಲಿನ್‌ನಲ್ಲಿರುವ, ಪಾಳು ಮಠದ ಸುತ್ತ ಬೋಳು ಓಕ್‌ಗಳಿರುವ 1809–10ರ ಚಿತ್ರವನ್ನು ಅದಿಲ್ಲದೆ ಓದುವುದೇ ಕಷ್ಟ. ಆದರೆ ಪ್ರತಿ ಮರಕ್ಕೂ ಒಂದೇ ಬೀಗದಕೈ ಹಾಕಿದ್ದಕ್ಕೆ ಬೇರೆ ವಿದ್ವಾಂಸರು ಆಕ್ಷೇಪ ಎತ್ತಿದ್ದಾರೆ. ಆ ಆಕ್ಷೇಪ ಸರಿಯಾದದ್ದೇ. ನೆಪೋಲಿಯನ್ ವಿರುದ್ಧದ ಯುದ್ಧದ ಕಾಲಕ್ಕೆ ಜರ್ಮನರಿಗೆ ಓಕ್ ನಾಡಿನ ಗುರುತಾಗಿತ್ತು. 1813ರಲ್ಲಿ ಪ್ರಷ್ಯಾ ಹೊರಡಿಸಿದ ಕಬ್ಬಿಣದ ಶಿಲುಬೆಯ ಪದಕದ ಮೇಲೂ ಓಕ್ ಎಲೆಗಳಿವೆ. ಒಂದೇ ಮರ ಒಂದು ಚಿತ್ರದಲ್ಲಿ ಅಳಿದ ಧರ್ಮ, ಇನ್ನೊಂದರಲ್ಲಿ ಉಳಿದ ನಾಡು.

ಮರವನ್ನು ಮರವಾಗಿ ನೋಡಬೇಕೆಂದೆ. ಅದರಲ್ಲಿ ಎಲ್ಲರಿಗೂ ಗುರು ನೆದರ್ಲೆಂಡ್ಸಿನ ಹಾರ್ಲೆಮ್‌ನ ಯಾಕೊಬ್ ಫಾನ್ ರಾಯ್ಸ್‌ಡಾಲ್ (1682ರಲ್ಲಿ ತೀರಿಕೊಂಡ). ಅವನ ಮರಗಳ ಜಾತಿಯನ್ನು ಸಸ್ಯಶಾಸ್ತ್ರಜ್ಞರು ಚಿತ್ರ ನೋಡಿಯೇ ಹೇಳಬಲ್ಲರು: ಕೊಂಬೆ ಕಾಂಡದಿಂದ ಹೊರಡುವ ಕೋನ, ತೊಗಟೆ, ಎಲೆಗೊಂಚಲು, ಬೆಳೆಯುವ ನೆಲ ಎಲ್ಲವೂ ಸರಿಯಾಗಿರುತ್ತವೆ. ಅವನ ‘ಯಹೂದಿ ಸ್ಮಶಾನ’ ಎರಡು ಆವೃತ್ತಿಗಳಲ್ಲಿದೆ, ಒಂದು ಡ್ರೆಸ್ಡೆನ್‌ನಲ್ಲಿ, ಇನ್ನೊಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಗೋರಿಗಳು ಆಮ್ಸ್ಟರ್ಡಾಮ್ ಬಳಿಯ ಔಡರ್‌ಕರ್ಕ್ ಸ್ಮಶಾನದ ನಿಜವಾದ ಗೋರಿಗಳು. ಅಲ್ಲೇ ಕೂತು ಬಿಡಿಸಿಕೊಂಡ ರೇಖಾಚಿತ್ರಗಳು ಉಳಿದಿವೆ. ಆದರೆ ಹಿಂದಿನ ಪಾಳುಕಟ್ಟಡ, ಹರಿಯುವ ತೊರೆ, ಕಾಮನಬಿಲ್ಲು ಆ ಜಾಗದವಲ್ಲ, ಅವನು ತಂದಿಟ್ಟವು. ಮುಂದೆ ಬಿಳಿಚಿಕೊಂಡ ಒಣಮರವೊಂದು ಗೋರಿಗಳ ಕಡೆ ವಾಲಿದೆ. ಇಷ್ಟೊಂದು ಸಂಕೇತ ಒಂದೇ ಚಿತ್ರದಲ್ಲಿ ತುಂಬಿದರೆ ಬೇರೆಯವರ ಕೈಯಲ್ಲಿ ಭಾರವಾಗುತ್ತಿತ್ತು. ಇಲ್ಲಿ ನಿಲ್ಲುವುದಕ್ಕೆ ಕಾರಣವಿದೆ. ಒಣಮರ ಸುಮ್ಮನೆ ‘ಸಾವು’ ಎಂಬ ಫಲಕದಂತೆ ನಿಂತಿಲ್ಲ. ತೊಗಟೆ ಕಳಚಿದ ಕಡೆ ಬೆಳಕು ಬಿದ್ದಿದೆ, ಅದೇ ಬೆಳಕು ಗೋರಿಯ ಮೇಲೂ ಬಿದ್ದಿದೆ, ಪಕ್ಕದಲ್ಲೇ ಸೊಂಪಾಗಿ ಬೆಳೆದ ಗಿಡಮರಗಳಿವೆ. ಸತ್ತದ್ದಕ್ಕೂ ಬೆಳೆಯುತ್ತಿರುವುದಕ್ಕೂ ಒಂದೇ ನೆಲ, ಒಂದೇ ಮೋಡ. ಜರ್ಮನ್ ಕವಿ ಗೊಯಟೆ 1816ರಲ್ಲಿ ರಾಯ್ಸ್‌ಡಾಲನನ್ನು ಕವಿ ಎಂದು ಕರೆದು ಒಂದು ಪ್ರಬಂಧ ಪ್ರಕಟಿಸಿದಾಗ ಡ್ರೆಸ್ಡೆನ್‌ನ ಈ ಚಿತ್ರವನ್ನೂ ಚರ್ಚೆಗೆ ಎತ್ತಿಕೊಂಡಿದ್ದ.

ಸೈಪ್ರೆಸ್ ಬಗ್ಗೆ ಒಂದೇ ಮಾತು. ಮೆಡಿಟರೇನಿಯನ್ ನಾಡುಗಳಲ್ಲಿ ಅದು ಸ್ಮಶಾನದ ಮರ ಎಂಬುದು ನಿಜ. ಆದರೆ ವ್ಯಾನ್ ಗೋ 1889ರ ಜೂನ್‌ನಲ್ಲಿ ಫ್ರಾನ್ಸಿನ ಸಾಂ ರೆಮಿಯಿಂದ ತಮ್ಮನಿಗೆ ಬರೆದ ಕಾಗದದಲ್ಲಿ ಅದನ್ನು ಈಜಿಪ್ಟಿನ ಒಬೆಲಿಸ್ಕ್ ಕಂಬಕ್ಕೆ ಹೋಲಿಸುತ್ತಾನೆ, ಬಿಸಿಲು ತುಂಬಿದ ದೃಶ್ಯದಲ್ಲಿ ಅದೊಂದು ಕಪ್ಪು ಮಚ್ಚೆ ಎನ್ನುತ್ತಾನೆ. ಅವನನ್ನು ಸೆಳೆದದ್ದು ಗೆರೆ, ಪ್ರಮಾಣ, ಆ ಕಪ್ಪನ್ನು ಹಿಡಿಯುವ ಕಷ್ಟ. ‘ಶೋಕ’ ಎಂದು ಬರೆದು ಮುಗಿಸಿದರೆ ಅದೆಲ್ಲ ಕಳೆದುಹೋಗುತ್ತದೆ.

ಚೀನಾದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಎಷ್ಟೋ ಸಲ ಅರ್ಥವನ್ನು ಚಿತ್ರದ ಮೇಲೇ ಬರೆದಿರುತ್ತಾರೆ. ಕಲಾವಿದ ನೀ ಜಾನ್ 1345ರಲ್ಲಿ ಬಿಡಿಸಿದ ‘ಆರು ಸಜ್ಜನರು’ ಈಗ ಶಾಂಘೈ ಮ್ಯೂಸಿಯಂನಲ್ಲಿದೆ. ಸುಮಾರು 62 × 33 ಸೆಂ.ಮೀ. ಕಾಗದದ ಮೇಲೆ ಬರಿಯ ಮಸಿ. ಮುಂದಿನ ದಿಣ್ಣೆಯ ಮೇಲೆ ಬೇರೆ ಬೇರೆ ಜಾತಿಯ ಆರು ಮರ, ಆಚೆ ವಿಶಾಲ ನೀರು, ದೂರದಲ್ಲಿ ತಗ್ಗು ಬೆಟ್ಟ. ಮನುಷ್ಯರಿಲ್ಲ. ಆ ಆರು ಮರಗಳು ಯಾವ ಕಡೆಗೂ ವಾಲದೆ ನೆಟ್ಟಗೆ ಎದುರುಬದುರು ನಿಂತ ಸಜ್ಜನರು ಎಂಬ ಭಾವದ ಪದ್ಯವನ್ನು ಹಿರಿಯ ಕಲಾವಿದ ಹ್ವಾಂಗ್ ಗೋಂಗ್‌ವಾಂಗ್ ಚಿತ್ರದ ಮೇಲೇ ಬರೆದ. ಹೆಸರು ಬಂದದ್ದು ಅಲ್ಲಿಂದ. ಮಂಗೋಲರ ಆಳ್ವಿಕೆಯ ಆ ಕಾಲದಲ್ಲಿ ‘ಬಾಗದೆ ನಿಂತವರು’ ಎಂಬ ಮಾತಿಗೆ ತೂಕವಿತ್ತು. ಚಳಿ ಬಂದಾಗಲೇ ಪೈನ್, ಸೈಪ್ರೆಸ್ ಮರಗಳ ಗಟ್ಟಿತನ ತಿಳಿಯುತ್ತದೆ ಎಂಬ ಕನ್‌ಫ್ಯೂಶಿಯಸ್‌ನ ಮಾತನ್ನು ಓದಿದವರೇ ಅವರೆಲ್ಲ. ಹಾಗಾಗಿ ಅಲ್ಲಿ ಜಾತಿಗೆ ಅರ್ಥ ಹೆಚ್ಚು ಗಟ್ಟಿಯಾಗಿ ಅಂಟಿದೆ. ಈ ಪದ್ಧತಿಯನ್ನು ಯುರೋಪಿನ ಚಿತ್ರಕ್ಕೆ ಹಚ್ಚಬಾರದು, ಯುರೋಪಿನದನ್ನು ಚೀನಾದ ಚಿತ್ರಕ್ಕೂ ತರಬಾರದು.

ನಮ್ಮ ಕಡೆ, ಗುಲೇರ್–ಕಾಂಗ್ಡಾದ ಪಹಾಡಿ ಚಿತ್ರಗಳಲ್ಲಿ ಮರ ಪಾತ್ರದ ಮನಸ್ಸಿನ ಜೊತೆ ನಡೆಯುತ್ತದೆ. ಬಳ್ಳಿ ಮರವನ್ನಪ್ಪಿದ್ದರೆ ಕೆಳಗಿನ ಜೋಡಿಯ ಬಗ್ಗೆ ಬೇರೆ ಹೇಳಬೇಕಿಲ್ಲ. ಕನ್ನಡ ಕಾವ್ಯ ಓದಿದವರಿಗೂ ಇದು ಹೊಸದಲ್ಲ. ಕರ್ನಾಟಕದ ನಿಸರ್ಗಚಿತ್ರಕ್ಕೆ ಬಂದರೆ ರುಮಾಲೆ ಚೆನ್ನಬಸವಯ್ಯನವರ (1910–1988) ಬೆಂಗಳೂರಿನ ಹೂಮರಗಳನ್ನು ನಿಮ್ಮ ಮಕ್ಕಳಿಗೆ ತೋರಿಸಲೇಬೇಕು. ಗುಲ್‌ಮೊಹರ್ ಮಡಗಾಸ್ಕರ್‌ನದು, ಜಕರಂಡ ದಕ್ಷಿಣ ಅಮೆರಿಕದ್ದು. ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಕ್ರುಂಬಿಗಲ್ ಒಂದರ ಹಿಂದೊಂದು ಹೂಬಿಡುವಂತೆ ಬೀದಿಮರಗಳನ್ನು ಯೋಜಿಸಿದ್ದರಿಂದ ಇಂಥ ಪರದೇಶದ ಮರಗಳು ಆ ಊರಿನ ಗುರುತಾದವು. ಯಾವ ಹಳೆಯ ಸಂಕೇತಕೋಶದಲ್ಲೂ ಇಲ್ಲದ ಮರಗಳಿಗೆ ರುಮಾಲೆಯವರು ಬಣ್ಣದ ಚುಕ್ಕೆಗಳಲ್ಲೇ ಅರ್ಥ ಕಟ್ಟಿದರು.

ಇನ್ನು ನಿಮ್ಮ ಅರಳಿಮರ.

ಮೊದಲು ಅದು ನಿಜಕ್ಕೂ ಅರ್ಧ ಒಣಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅರಳಿ ಬೇಸಿಗೆಗೆ ಮುಂಚೆ ಎಲೆ ಉದುರಿಸಿ, ತಾಮ್ರಗೆಂಪಿನ ಚಿಗುರು ಬಿಡುತ್ತದೆ. ಒಂದೇ ಮರದಲ್ಲಿ ಒಂದು ಕಡೆಯ ಕೊಂಬೆ ಬೋಳಾಗಿ ಇನ್ನೊಂದು ಕಡೆ ಹಸಿರಿರುವುದೂ ಉಂಟು. ಎಲೆ ಉದುರಿಸಿದ ಕೊಂಬೆಗೆ ಬೆರಳಿಗಿಂತ ಸಣ್ಣ ಕಡ್ಡಿಗಳು ತುದಿಯವರೆಗೂ ಇರುತ್ತವೆ, ಕಡ್ಡಿಯ ತುದಿಯಲ್ಲಿ ಚೂಪು ಮೊಗ್ಗು ಇರುತ್ತದೆ. ಸತ್ತ ಕೊಂಬೆಯಲ್ಲಿ ಮೊದಲು ಉದುರುವುದೇ ಈ ಸಣ್ಣ ಕಡ್ಡಿಗಳು. ಆಮೇಲೆ ತೊಗಟೆ ಸುಲಿಯುತ್ತದೆ, ಕೊನೆಗೆ ದಪ್ಪ ಕೊಂಬೆ ಮೊಂಡಾಗಿ ಮುರಿಯುತ್ತದೆ. ಹೆಚ್ಚಿನವರು ‘ಒಣಮರ’ ಎಂದು ಬಿಡಿಸುವಾಗ ಜಾಲದಂತೆ ಸಣ್ಣ ಕಡ್ಡಿ ತುಂಬಿ, ಎಲೆ ಮಾತ್ರ ಬಿಡುತ್ತಾರೆ. ಅದು ಚಿಗುರಲು ಕಾದಿರುವ ಮರ. ನೀವು ಸಾವು ಎಂದುಕೊಂಡು ಬಿಡಿಸಿದ್ದು ನೋಡುವವರಿಗೆ ಋತುವಾಗಿ ಕಾಣುತ್ತದೆ. ಅವರಿಗೆ ಕಾರಣ ಹೇಳಲು ಬಾರದಿರಬಹುದು, ಕಣ್ಣಿಗೆ ಮಾತ್ರ ತಿಳಿದಿರುತ್ತದೆ.

ಅರಳಿಗೆ ಬಿಳಲು ಬಿಡಿಸಬೇಡಿ, ಅದು ಆಲದ ಲಕ್ಷಣ. ಆಲದ ಬಿಳಲಿಗೆ ತನ್ನದೇ ಅರ್ಥವಿದೆ: ಕೇತೋಹಳ್ಳಿಯ ದೊಡ್ಡ ಆಲದ ಮರದಲ್ಲಿ ಮೂಲ ಕಾಂಡ ನಶಿಸಿದ ಮೇಲೂ ಬಿಳಲುಗಳೇ ಕಾಂಡಗಳಾಗಿ ಮರ ಎಕರೆಗಟ್ಟಲೆ ಹಬ್ಬಿದೆ. ಅರಳಿಯ ಕಾಂಡ ಬೂದುಬಣ್ಣದ್ದು, ಉದ್ದುದ್ದ ಏಣುಗಳುಳ್ಳದ್ದು. ಎಲೆಯ ತೊಟ್ಟು ಉದ್ದ, ಆದ್ದರಿಂದ ಗಾಳಿ ಬಲು ಮೆಲ್ಲಗೆ ಬೀಸಿದರೂ ಎಲೆ ಅಲುಗುತ್ತದೆ. ದೂರದ ಮರದಲ್ಲಿ ಹೃದಯಾಕಾರದ ಎಲೆಗಳನ್ನು ಬಿಡಿಸಿದರೆ ಮರ ಅಲಂಕಾರವಾಗುತ್ತದೆ. ಆ ಅಲುಗಾಟವನ್ನು ಎಲೆಗೊಂಚಲಿನ ಹರಿದ ಅಂಚಿನಲ್ಲಿ, ಅಲ್ಲಲ್ಲಿ ಬಿಟ್ಟ ಬಿಳಿಯಲ್ಲಿ ತೋರಿಸಿ.

ಕ್ಯಾಲೆಂಡರ್‌ತನ ಬರುವ ಮೊದಲ ಜಾಗ ಕೊಂಬೆ. ಒಂದು ಕೊಂಬೆ ಎರಡಾದಾಗ ಎಷ್ಟು ಸಣ್ಣಗಾಗಬೇಕು? ಲಿಯೊನಾರ್ಡೊ ಡ ವಿಂಚಿ ಗಮನಿಸಿ ಬರೆದಿಟ್ಟ ನಿಯಮ ಇಂದಿಗೂ ಕೆಲಸಕ್ಕೆ ಬರುತ್ತದೆ: ಕವಲೊಡೆದ ಕೊಂಬೆಗಳನ್ನೆಲ್ಲ ಕೂಡಿಸಿದರೆ ಮೂಲದಷ್ಟೇ ದಪ್ಪ. ಇಲ್ಲಿ ದಪ್ಪ ಎಂದರೆ ಅಡ್ಡ ಕೊಯ್ದ ಮುಖದ ವಿಸ್ತೀರ್ಣ. ಹಾಳೆಯ ಮೇಲೆ 10 ಮಿ.ಮೀ. ಅಗಲದ ಕಾಂಡ ಸಮನಾಗಿ ಎರಡಾದರೆ ತಲಾ 7 ಮಿ.ಮೀ., ಮೂರಾದರೆ ತಲಾ 6 ಮಿ.ಮೀ.ಗೆ ಸ್ವಲ್ಪ ಕಡಿಮೆ. ಅಸಮ ಕವಲಾದರೆ 8 ಮತ್ತು 6. ಬಹಳ ಜನ 10ನ್ನು 5 ಮತ್ತು 5 ಮಾಡುತ್ತಾರೆ, ಆಗ ಮರ ಬಡಕಲಾಗುತ್ತದೆ. ಒಂದು ಕವಲಿನಿಂದ ಮುಂದಿನ ಕವಲಿನವರೆಗೆ ಅಗಲ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಮೂಲಂಗಿಯ ಹಾಗೆ ಚೂಪಾಗುತ್ತಾ ಹೋದರೆ ಅದು ಮರವಾಗದೆ ಬೇರಾಗುತ್ತದೆ. ಮಕ್ಕಳಿಗೆ ಇದೊಂದನ್ನು ಅಳತೆಪಟ್ಟಿ ಹಿಡಿದು ಕಲಿಸಿ, ಒಂದೇ ತರಗತಿಯಲ್ಲಿ ವ್ಯತ್ಯಾಸ ಕಾಣುತ್ತದೆ.

ಎರಡನೆಯದು ಮನುಷ್ಯನ ಅಳತೆ. ನಿಮ್ಮ ಮರ 60 ಅಡಿ ಎಂದಿಟ್ಟುಕೊಳ್ಳಿ, ಕಟ್ಟೆಯ ಪಕ್ಕ ನಿಂತವರು ಐದೂವರೆ ಅಡಿ. 28 × 38 ಸೆಂ.ಮೀ. ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ ಮರವನ್ನು 24 ಸೆಂ.ಮೀ. ಬಿಡಿಸಿದರೆ ಮನುಷ್ಯ 2.2 ಸೆಂ.ಮೀ. ಇರಬೇಕು. ಮುಖ ಚೆನ್ನಾಗಿ ಕಾಣಲೆಂದು 5 ಸೆಂ.ಮೀ. ಬಿಡಿಸಿದಿರೋ, ಅರಳಿಮರ 26 ಅಡಿಯ ಎಳೆಮರವಾಯಿತು. ತಲೆಮಾರುಗಳನ್ನು ಕಂಡ ಮರ ಎಂಬ ಅರ್ಥ ಅಲ್ಲಿಗೇ ಹೋಯಿತು.

ಮೂರನೆಯದು ಜಾಗ. ಬಣ್ಣ ಮುಟ್ಟುವ ಮೊದಲು 6 × 8 ಸೆಂ.ಮೀ.ನ ಐದಾರು ಪುಟ್ಟ ಚೌಕ ಹಾಕಿ, ಒಂದೊಂದಕ್ಕೆ ಐದು ನಿಮಿಷ, ಬರೀ ಕಪ್ಪು, ಬೂದು, ಬಿಳಿಯಲ್ಲಿ ಬಿಡಿಸಿ. ಒಂದರಲ್ಲಿ ದಿಗಂತ ಕೆಳಗಿನಿಂದ ಕಾಲು ಭಾಗದಲ್ಲಿರಲಿ. ಮರ ಪೂರ್ತಿ ಆಕಾಶಕ್ಕೆ ಬರುತ್ತದೆ, ಒಂಟಿಯಾಗುತ್ತದೆ. ಇನ್ನೊಂದರಲ್ಲಿ ದಿಗಂತ ಮೇಲಿರಲಿ. ಮರ ಕೆರೆ, ಗದ್ದೆ, ಊರಿನ ನಡುವೆ ಒಂದಾಗಿ ಬೆರೆಯುತ್ತದೆ. ಮೂರನೆಯದರಲ್ಲಿ ಫ್ರೀಡ್ರಿಕ್ ಮಾಡಿದಂತೆ ದಿಗಂತ ಮರವನ್ನು ಕತ್ತರಿಸಲಿ, ಒಣ ಭಾಗ ಮೇಲೆ, ಹಸಿರು ಕೆಳಗೆ. ನಿಮ್ಮ ಮರದ ಒಣ ಭಾಗ ಎಡಕ್ಕೋ ಬಲಕ್ಕೋ ಇದ್ದರೆ, ಅದು ಊರಿನ ಕಡೆ ಚಾಚಿದೆಯೇ ನೀರಿನ ಕಡೆಯೇ ಎಂಬುದೇ ಚಿತ್ರದ ಮಾತು. ನಿಂತ ಜಾಗ ಬದಲಿಸಿ, ಏರಿಯ ಇನ್ನೊಂದು ತುದಿಯಿಂದಲೂ ಒಂದು ಬಿಡಿಸಿ. ಮರವನ್ನು ನಡುವೆ ಇಡಬಾರದೆಂಬ ನಿಯಮವೇನೂ ಇಲ್ಲ. ‘ಒಂಟಿ ಮರ’ ನಡುವೆಯೇ ಇದೆ. ಆದರೆ ಅದರ ತಲೆ ಎರಡು ಕಡೆಗೂ ಒಂದೇ ಸಮ ಇಲ್ಲ, ಹಿಂದಿನ ಅಡ್ಡಪಟ್ಟಿಗಳು ಏರಿಳಿಯುತ್ತವೆ. ನಡುವೆ ಇಟ್ಟು, ಹೂಕೋಸಿನಂತೆ ದುಂಡು ತಲೆ ಕೊಟ್ಟು, ಹಿಂದೆ ಕಿತ್ತಳೆ ಸೂರ್ಯ ಇಟ್ಟರೆ ಕ್ಯಾಲೆಂಡರ್ ತಪ್ಪಿದ್ದಲ್ಲ.

ನಾಲ್ಕನೆಯದು ಜೊತೆಗಿರುವ ವಸ್ತುಗಳು, ಅರಳಿಯ ವಿಷಯದಲ್ಲಿ ಇದೇ ಅತಿ ಮುಖ್ಯ. ಈ ಮರಕ್ಕೆ ನಮ್ಮಲ್ಲಿ ಈಗಾಗಲೇ ಅರ್ಥಗಳ ಹೊರೆಯಿದೆ. ಬೇರು ಮೇಲೆ, ಕೊಂಬೆ ಕೆಳಗಾಗಿರುವ ಗೀತೆಯ ಅಶ್ವತ್ಥ. ಬುದ್ಧನ ಬೋಧಿ, ಸಾಂಚಿಯ ಹಳೆಯ ಶಿಲ್ಪಗಳಲ್ಲಿ ಬುದ್ಧನ ರೂಪದ ಬದಲು ಮರವೇ ನಿಂತದ್ದು. ನಾಗರಕಲ್ಲು, ಮಕ್ಕಳಿಗಾಗಿ ಹೊತ್ತ ಹರಕೆ, ಬೇವಿನ ಜೊತೆ ಮದುವೆ. ಕಟ್ಟೆಯ ಮೇಲಿನ ಪಂಚಾಯಿತಿ, ಹರಟೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಹೇಳಲಾಗದು. ಕಟ್ಟೆಯ ಮೇಲೆ ನಾಲ್ವರು ಕೂತಿದ್ದರೆ ಊರಿನ ಮಾತು. ಅರಿಶಿನ ಕುಂಕುಮ ಹಚ್ಚಿದ ನಾಗರಕಲ್ಲು ಬೆಳಕಿನಲ್ಲಿದ್ದರೆ ನಂಬಿಕೆಯ ಮಾತು. ಕಟ್ಟೆ ಬಿರುಕುಬಿಟ್ಟು ಖಾಲಿಯಿದ್ದು, ಪಕ್ಕದಲ್ಲಿ ಜನ ನಡೆದ ಕಾಲುದಾರಿ ಸವೆದಿದ್ದರೆ ಬೇರೆಯೇ ಮಾತು. ಒಂದನ್ನು ಆರಿಸಿ, ಅದಕ್ಕೆ ಎದುರಾಗುವ ಇನ್ನೊಂದನ್ನು ಮಾತ್ರ ಇಡಿ: ಒಣ ಕೊಂಬೆಗೆ ಎದುರಾಗಿ ಕಟ್ಟೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿ, ಅಷ್ಟು ಸಾಕು. ಅದು ನಿಜವಾಗಿಯೂ ಅಲ್ಲಿ ಇರುತ್ತದೆ, ಹಕ್ಕಿಗಳು ಹಣ್ಣು ತಿಂದು ಬೀಜ ಹಾಕುವುದರಿಂದ ಅರಳಿ ಬಿರುಕಿನಲ್ಲೇ ಹುಟ್ಟುವುದು. ಕಾಗೆ, ಒಡೆದ ಮಡಕೆ, ಮುಳುಗುವ ಸೂರ್ಯ, ಕಾಂಡದಲ್ಲಿ ಮನುಷ್ಯಮುಖ ಇವೆಲ್ಲ ಬೇಡ.

ಬಣ್ಣದ ಕೆಲಸಕ್ಕೆ 300 ಜಿಎಸ್‌ಎಂ ತರಿತರಿ ಹಾಳೆ, 2ಬಿ ಪೆನ್ಸಿಲ್, 12ನೇ ಮತ್ತು 6ನೇ ನಂಬರಿನ ದುಂಡು ಕುಂಚ ಸಾಕು. ಮೊದಲು ಆಕಾಶ, ಹಸಿ ಹಾಳೆಯ ಮೇಲೆ. ಅದು ಪೂರ್ತಿ ಒಣಗಲಿ. ಕೈಯ ಹಿಂಬದಿ ಮುಟ್ಟಿಸಿದರೆ ತಣ್ಣಗಿದ್ದರೆ ಇನ್ನೂ ಒಣಗಿಲ್ಲ ಎಂದೇ ಲೆಕ್ಕ. ಆಗ ಕೊಂಬೆ ಎಳೆದರೆ ಅಂಚು ಹರಡಿ ಹೂಕೋಸಿನ ಕಲೆಯಾಗುತ್ತದೆ. ಆಮೇಲೆ ದೂರದ ದಡ, ಆಮೇಲೆ ಎಲೆಗೊಂಚಲು, ಕೊನೆಗೆ ಕಾಂಡ. ಎಲೆಗೊಂಚಲಿನ ನಡುವೆ ಆಕಾಶ ಇಣುಕುವ ಕಿಂಡಿಗಳನ್ನು ಬಿಡಿ, ಆದರೆ ಒಂದೇ ಗಾತ್ರದಲ್ಲಿ ಸಾಲಾಗಿ ಬೇಡ. ಆ ಕಿಂಡಿಯ ಆಕಾಶ ತೆರೆದ ಆಕಾಶಕ್ಕಿಂತ ಒಂದು ಮಟ್ಟ ಗಾಢವಿರಬೇಕು, ಇಲ್ಲದಿದ್ದರೆ ಬಿಳಿ ಕಾಗದ ಅಂಟಿಸಿದಂತೆ ಎದ್ದು ಕಾಣುತ್ತದೆ. ತೆಳು ನೀಲಿಬೂದು ಒಂದು ಪದರ ಅದರ ಮೇಲೆ ಹಾಯಿಸಿದರೆ ಸರಿಹೋಗುತ್ತದೆ.

ಒಣ ಕೊಂಬೆಗೆ ಕಪ್ಪು ಬಣ್ಣ ಹಚ್ಚುವುದು ಬಹಳ ಸಾಮಾನ್ಯವಾದ ತಪ್ಪು. ಬಿಸಿಲು ಮಳೆಗೆ ಬಿದ್ದ ಒಣಮರ ಬೆಳ್ಳಿಬೂದಿನದು, ಹಸಿ ಕೊಂಬೆಗಿಂತ ತಿಳಿ. ರಾಯ್ಸ್‌ಡಾಲನ ಒಣಮರ ಚಿತ್ರದ ಅತಿ ಬೆಳ್ಳಗಿನ ವಸ್ತುಗಳಲ್ಲೊಂದು ಎಂಬುದನ್ನು ನೆನೆಯಿರಿ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಸೇರಿಸಿ, ನೀರು ಹೆಚ್ಚು ಮಾಡಿ, ಬಿಸಿಲು ಬೀಳುವ ಪಕ್ಕ ಕಾಗದದ ಬಿಳಿಯನ್ನೇ ಬಿಟ್ಟು, ನೆರಳಿನ ಪಕ್ಕ ಮಾತ್ರ ಹಚ್ಚಿ. ಅದು ಕಾಣಬೇಕಾದರೆ ಹಿಂದಿನ ಆಕಾಶ ಅಲ್ಲಿ ಗಾಢವಿರಬೇಕು. ಅಂದರೆ ಮಳೆಮೋಡವನ್ನು ಆಕಾಶ ಹಾಕುವಾಗಲೇ ಯೋಚಿಸಿರಬೇಕು, ಆಮೇಲೆ ಸೇರಿಸಲಾಗದು. ಚಿಗುರಿಗೆ ಅದೇ ಬರ್ನ್ಟ್ ಸಿಯೆನ್ನಾಕ್ಕೆ ಒಂದು ಹನಿ ಅಲಿಝರಿನ್ ಕ್ರಿಮ್ಸನ್ ಎಂಬ ಕಡುಗೆಂಪು. ಒಣ ಕೊಂಬೆಗೂ ಚಿಗುರಿಗೂ ಮೂಲ ಬಣ್ಣ ಒಂದೇ ಆಗುವುದರಿಂದ ಎರಡೂ ಒಂದೇ ಮರದವು ಎಂದು ಕಣ್ಣು ಒಪ್ಪಿಕೊಳ್ಳುತ್ತದೆ.

ಫ್ರೀಡ್ರಿಕ್ ಮರಗಳನ್ನು ಹೊರಗೆ ಕೂತು ಪೆನ್ಸಿಲ್‌ನಲ್ಲಿ ಒಂದೊಂದಾಗಿ ಬಿಡಿಸಿ, ತಾರೀಕು ಬರೆದಿಟ್ಟುಕೊಂಡು, ವರ್ಷಗಟ್ಟಲೆ ಬಿಟ್ಟು ಬೇರೆ ಬೇರೆ ತೈಲಚಿತ್ರಗಳಿಗೆ ಬಳಸುತ್ತಿದ್ದ. ನೀವೂ ಎರಡು ಕೆಲಸ ಬೇರೆ ಮಾಡಿ. ಒಂದು ದಿನ ಬರೀ ಮರದ ಅಧ್ಯಯನ: ಕವಲು, ಮುರಿದ ತುದಿ, ಬೊಡ್ಡೆಯ ಏಣು. ಇನ್ನೊಂದು ದಿನ ಚಿತ್ರದ ಜೋಡಣೆ. ಮೊಬೈಲ್ ಫೋಟೋ ನೋಡಿಯೇ ಬಿಡಿಸುವುದಾದರೆ ಮರದ ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿ ತೆಗೆಯಬೇಡಿ, ಕಾಂಡ ಮೇಲೆ ಹೋದಂತೆ ಸುಳ್ಳೇ ಕಿರಿದಾಗುತ್ತದೆ, ತಲೆ ಸಣ್ಣದಾಗುತ್ತದೆ. ಮರದ ಎತ್ತರದ ಎರಡು ಪಟ್ಟು ದೂರ, ಅಂದರೆ ನೂರಿಪ್ಪತ್ತು ಅಡಿ ಹಿಂದೆ ಸರಿದು, ಫೋನನ್ನು ನೆಟ್ಟಗೆ ಹಿಡಿದು ತೆಗೆಯಿರಿ.

ಮುಗಿದ ಚಿತ್ರವನ್ನು ಪರೀಕ್ಷಿಸಲು ಮರದ ಆಕಾರದ ಕಾಗದ ಕತ್ತರಿಸಿ ಅದರ ಮೇಲಿಟ್ಟು ಮುಚ್ಚಿ ನೋಡಿ. ಉಳಿದ ಕೆರೆ, ಕಟ್ಟೆ, ಆಕಾಶ ಮೊದಲಿನ ಮಾತನ್ನೇ ಹೇಳುತ್ತಿದ್ದರೆ ನಿಮ್ಮ ಮರ ಏನೂ ಹೊರುತ್ತಿಲ್ಲ. ಮತ್ತೆ ಪುಟ್ಟ ಚೌಕಗಳಿಗೆ ಹೋಗಿ ದಿಗಂತವನ್ನು ಸರಿಸಿ. ಮರ ಮುಚ್ಚಿದ ಕೂಡಲೇ ಚಿತ್ರ ಬರಿದಾದರೆ, ನಿಮ್ಮ ಮಕ್ಕಳ ಮುಂದೆ ಅದನ್ನು ಹೆಸರು ಹೇಳದೆ ಇಟ್ಟು, ಏನು ಕಾಣುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಹೆಸರನ್ನು ಆಮೇಲೆ ಇಡಬಹುದು.